ಬಿಡೋಕೆ ರಸ್ತೆ ಎಲ್ಲಿತ್ತು?

ಕಳೆದ ವರ್ಷ ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ಬೈಕ್ ಹುಚ್ಚಿನವರ ಕೂಟವೊಂದಕ್ಕೆ ಹೋಗಿದ್ದೆ. ದುಡ್ಡು ಕಟ್ಟಿ, ಮೊಣಕಾಲು ಮೊಣಕೈಗಳಿಗೆ ಕವಚ ಬಿಗಿದುಕೊಂಡು, ಬೇಕೆಂದೇ ನೀರು ಬಿಟ್ಟು ಕಲಸಿದ ಕೆಸರಿನಲ್ಲಿ ಬೈಕ್ ಓಡಿಸುವುದು ಅಲ್ಲಿನ ಕೆಲಸ. ಎರಡು ಸಲ ಬಿದ್ದೆ. ಬಿದ್ದಾಗೆಲ್ಲ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ವರದಿ ಒಪ್ಪಿಸಿದೆ.

“ಆಫ್ ರೋಡ್ ಅಂದ್ರೇನೋ?” ಎಂದು ಕೇಳಿದರು.

“ರಸ್ತೆ ಬಿಟ್ಟು ಓಡಿಸೋದು ಅಪ್ಪ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಡೋಕೆ ರಸ್ತೆ ಎಲ್ಲಿತ್ತೋ ನಮಗೆ?” ಎಂದರು. ಆಮೇಲೆ ಮಾತು ಅಡಿಕೆ ರೇಟಿಗೆ ಹೊರಳಿತು.

ಅಪ್ಪ ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ದನದ ಆಸ್ಪತ್ರೆಯ ಕೆಲಸ ಮಾಡಿ ನಿವೃತ್ತರಾದವರು. ಡಾಕ್ಟರಲ್ಲ, ಆದರೆ ಊರವರ ಬಾಯಲ್ಲಿ ಕೊನೆಯವರೆಗೂ ‘ದನದ ಡಾಕ್ಟ್ರು’. 1983ರಲ್ಲಿ ಸೆಕೆಂಡ್ ಹ್ಯಾಂಡ್ ಯೆಜ್ಡಿ ಕೊಂಡರು. ಅದರ ಹಿಂದಿನ ಸೀಟಿಗೆ ಔಷಧದ ಪೆಟ್ಟಿಗೆಯನ್ನು ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿಕೊಂಡು ಹೊರಟರೆ ಯಾವಾಗ ಬರುತ್ತಾರೆಂದು ಹೇಳುವ ಹಾಗಿರಲಿಲ್ಲ. ಗದ್ದೆ ಬಯಲಿನ ಆಚೆ ತುದಿಯಿಂದ ‘ಡುಗ್ ಡುಗ್’ ಸದ್ದು ಕೇಳಿದ ಮೇಲೆಯೇ ಅಮ್ಮ ಬಚ್ಚಲೊಲೆಗೆ ಇನ್ನೆರಡು ಕಟ್ಟಿಗೆ ತುರುಕುತ್ತಿದ್ದದ್ದು. ಅದೇ ಬೈಕು ಈಗ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿದೆ. ಬೆಂಗಳೂರಿನ ಒಬ್ಬರು ಒಳ್ಳೆಯ ಬೆಲೆ ಕೊಡುತ್ತೇನೆಂದು ಎರಡು ಸಲ ಫೋನ್ ಮಾಡಿದ್ದಾರೆ. ಮಾರುವುದೋ ಇಟ್ಟುಕೊಳ್ಳುವುದೋ ತೀರ್ಮಾನವಾಗುವ ಮೊದಲು ಅದರ ಚರಿತ್ರೆಯನ್ನಾದರೂ ಸರಿಯಾಗಿ ತಿಳಿದುಕೊಳ್ಳೋಣ ಎನ್ನಿಸಿತು.

ಚರಿತ್ರೆ ಶುರುವಾಗುವುದು ಪ್ರಾಗ್‌ನಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಮದ್ದುಗುಂಡು, ಬಂದೂಕುಗಳ ತಯಾರಿಕೆಯಲ್ಲಿದ್ದವನು. ಆ ವ್ಯಾಪಾರ ಇಳಿಮುಖವಾದಾಗ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಸುವ ಹಕ್ಕು ಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರಕ್ಕೆ ವಾಂಡರರ್‌ನ ಎರಡು ಅಕ್ಷರ ಸೇರಿಸಿದ. ಅವರು ಉಚ್ಚರಿಸುವುದು ‘ಯಾವಾ’, ನಮ್ಮ ಬಾಯಲ್ಲಿ ಅದು ಜಾವಾ. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆ ಅಲ್ಲಿನ ಸರ್ಕಾರದ ಪಾಲಾಯಿತು. ನಮಗೆ ಗೊತ್ತಿರುವ ದುಂಡನೆಯ ಟ್ಯಾಂಕಿನ, ಜೋಡಿ ಸೈಲೆನ್ಸರಿನ ಜಾವಾ ಹುಟ್ಟಿದ್ದು ಆ ಮೇಲೆ.

ಸ್ವಾತಂತ್ರ್ಯದ ನಂತರ ನಮ್ಮಲ್ಲಿ ವಿದೇಶಿ ವಾಹನಗಳ ಆಮದಿಗೆ ಕಡಿವಾಣ ಬಿತ್ತು. ಬೈಕ್ ಬೇಕೆಂದರೆ ಇಲ್ಲೇ ಮಾಡಬೇಕು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಶುರುವಾಯಿತು. 1960ರ ದಶಕದಲ್ಲಿ ಉತ್ತರದಿಂದ ಪೋಲೆಂಡ್ ಮೂಲದ ರಾಜದೂತ್ ಬಂತು. ಮೈಸೂರಿನಲ್ಲಿ ರುಸ್ತುಂ ಇರಾನಿ, ಫಾರೂಕ್ ಇರಾನಿ ಅವರು ಜೆಕ್ ಕಂಪನಿಯ ಸಹಯೋಗದಲ್ಲಿ 1960ರಲ್ಲಿ ಐಡಿಯಲ್ ಜಾವಾ ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯಿಂದ ಮರುವರ್ಷವೇ ಬೈಕುಗಳು ಹೊರಬಿದ್ದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಬೆಂಬಲವೂ ಇದಕ್ಕಿತ್ತು.

1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿನಲ್ಲಿ ಯಜ್ದ್ ಎಂಬ ಊರಿದೆ, ಜರತುಷ್ಟ್ರನ ಅನುಯಾಯಿಗಳ ಹಳೆಯ ನೆಲೆ. ಆ ಊರಿಗೆ ಸೇರಿದ್ದು ಯಜ್ದಿ. ತಮಾಷೆಯೆಂದರೆ ಜೆಕ್ ಭಾಷೆಯಲ್ಲಿ ಇದಕ್ಕೆ ಬಹಳ ಹತ್ತಿರದ ಉಚ್ಚಾರದ ಕ್ರಿಯಾಪದವೊಂದಿದೆ, ಅದರ ಅರ್ಥ ‘ಸವಾರಿ ಮಾಡುತ್ತಾನೆ’. ಪ್ರಾಗ್, ಯಜ್ದ್, ಮೈಸೂರು ಮೂರೂ ಸೇರಿದ ಆ ಹೆಸರಿನ ಮೇಲೆ ಕೂತು ಅಪ್ಪ ಹಳ್ಳ ದಾಟುತ್ತಿದ್ದರು.

ಅದು ಕೆಸರಿಗೆ ಹೇಗೆ ಒಗ್ಗಿತು ಎಂಬುದಕ್ಕೆ ಕಾರಣಗಳಿವೆ. ಅದರ ಸಿಲಿಂಡರಿನ ಅಗಲ 65 ಮಿಲಿಮೀಟರ್, ಪಿಸ್ಟನ್ ಓಡುವ ಉದ್ದ 75 ಮಿಲಿಮೀಟರ್. ಓಟ ಉದ್ದವಿದ್ದರೆ ಇಂಜಿನ್ ನಿಧಾನಕ್ಕೆ ತಿರುಗುವಾಗಲೂ ಎಳೆಯುವ ಶಕ್ತಿ ಇರುತ್ತದೆ. ಜಾರುವ ಏರಿನಲ್ಲಿ ಜೋರಾಗಿ ಎಕ್ಸಲರೇಟರ್ ತಿರುಗಿಸಿದರೆ ಹಿಂದಿನ ಚಕ್ರ ಕೂತಲ್ಲೇ ಕೂತು ಗುಂಡಿ ತೋಡುತ್ತದೆ, ನಿಧಾನಕ್ಕೆ ಎಳೆದರೆ ಹತ್ತುತ್ತದೆ. ಟೂ ಸ್ಟ್ರೋಕ್ ಆದ್ದರಿಂದ ಕವಾಟಗಳ ಗೊಡವೆಯಿಲ್ಲ, ಬಿಚ್ಚಿ ಜೋಡಿಸುವುದು ಸುಲಭ. ಚೈನ್ ಪೂರ್ತಿ ತಗಡಿನೊಳಗೆ ಮುಚ್ಚಿರುವುದರಿಂದ ಮಣ್ಣು ಮೆತ್ತುವುದಿಲ್ಲ. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ನೀರು ಹೊಕ್ಕು ನಿಂತುಹೋದರೆ ಪ್ಲಗ್ ಬಿಚ್ಚಿ, ನಾಲ್ಕು ಸಲ ಕಿಕ್ ಹೊಡೆದು ನೀರು ಹೊರಹಾಕಿ, ಪ್ಲಗ್ಗನ್ನು ಪಂಚೆಯ ತುದಿಯಲ್ಲಿ ಒರೆಸಿ ಹಾಕಿದರೆ ಮತ್ತೆ ಕೆಮ್ಮುತ್ತಾ ಎದ್ದೇಳುತ್ತಿತ್ತು.

ಈ ಗುಣಗಳು ಯುರೋಪಿನ ಕೆಟ್ಟ ದಾರಿಗಳಲ್ಲೂ ಪರೀಕ್ಷೆಗೊಳಗಾದಂಥವು. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ‘ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್’ ಎಂಬ ಸ್ಪರ್ಧೆ ಶುರುವಾಯಿತು. ಆರು ದಿನ ಬೈಕ್ ಓಡಿಸಬೇಕು, ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಂಡು ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಯಾರು ವೇಗ ಎಂಬುದಕ್ಕಿಂತ ಯಾವ ಯಂತ್ರ ನಂಬಿಗಸ್ತ ಎಂದು ನೋಡುವ ಪರೀಕ್ಷೆ ಅದು. 1947ರಲ್ಲಿ ಅದು ಜೆಕೊಸ್ಲೊವಾಕಿಯಾದ ಝ್ಲೀನ್‌ನಲ್ಲಿ ನಡೆದಾಗ ಗೆದ್ದದ್ದೂ ಆ ದೇಶವೇ. ಮುಂದೆ ಎಷ್ಟೋ ವರ್ಷ ಜಾವಾ ಬೈಕುಗಳು ಅಲ್ಲಿ ಮೆರೆದವು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಶುರುವಿನಲ್ಲಿ ಆ ಸ್ಪರ್ಧೆಗೆ ಕಾಡು ಹುಡುಕಿಕೊಂಡು ಹೋಗುವ ಅಗತ್ಯ ಅಷ್ಟಿರಲಿಲ್ಲ. ಸಾರ್ವಜನಿಕ ರಸ್ತೆಗಳೇ ಸಾಕಷ್ಟು ಕೆಟ್ಟದಾಗಿದ್ದವು. ರಸ್ತೆಗಳು ಸುಧಾರಿಸಿದಂತೆಲ್ಲ ಸ್ಪರ್ಧೆ ಕಾಡಿಗೆ, ಗುಡ್ಡಕ್ಕೆ, ಹೊಳೆಗೆ ಸರಿಯಿತು. 1981ರಲ್ಲಿ ಅದರ ಹೆಸರಿನಿಂದ ‘ಟ್ರಯಲ್’ ಹೋಗಿ ‘ಎಂಡ್ಯೂರೋ’ ಬಂತು. ಅಂದರೆ ರಸ್ತೆ ಒಳ್ಳೆಯದಾದ ಮೇಲೆಯೇ ರಸ್ತೆ ಬಿಡುವುದು ಒಂದು ಆಟವಾಗುತ್ತದೆ. ಅಪ್ಪನ ಮಾತಿನ ಅರ್ಥ ನನಗೆ ಆಗ ಹೊಳೆಯಿತು.

ಅಪ್ಪನ ಹಳೆಯ ಟೂರ್ ಡೈರಿಗಳು ಅಟ್ಟದ ಮೇಲೆ ಸಿಕ್ಕವು. ಹೋದ ಊರು, ಹೊರಟ ಹೊತ್ತು, ಕಿಲೋಮೀಟರ್, ಮಾಡಿದ ಕೆಲಸ, ಇಷ್ಟೇ. ಬೇಸಿಗೆಯಲ್ಲಿ ಒಂದು ಊರಿಗೆ ಏಳು ಕಿಲೋಮೀಟರ್ ಎಂದಿದ್ದರೆ ಮಳೆಗಾಲದಲ್ಲಿ ಅದೇ ಊರಿಗೆ ಹತ್ತೊಂಬತ್ತು. ಹಳ್ಳ ತುಂಬಿದರೆ ಸುತ್ತಿ ಹೋಗಬೇಕಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟಗಳಲ್ಲಿ ‘ಹಳ್ಳ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. 1987ರ ಪುಷ್ಯ ಮಳೆಯ ಹೊತ್ತಿನ ಒಂದು ದಿನದ ಎದುರು, “ಹಳ್ಳ ತುಂಬಿತ್ತು. ತಡವಾಯಿತು. ಕರು ಉಳಿಯಿತು” ಎಂದು ಬರೆದಿದೆ.

ಹಸುವಿನ ಬಗ್ಗೆ ಒಂದು ಮಾತಿಲ್ಲ. ಅಮ್ಮನನ್ನು ಕೇಳಿದೆ. ಆ ರಾತ್ರಿ ಹಳ್ಳದಾಚೆಯ ಮನೆಯವರು ಕಂಬಳಿಕೊಪ್ಪೆ ಹಾಕಿಕೊಂಡು ಓಡಿ ಬಂದಿದ್ದರಂತೆ. ಕರು ಅಡ್ಡ ಸಿಕ್ಕಿಕೊಂಡಿತ್ತು. ಬೈಕು ಹಳ್ಳದ ಮಧ್ಯ ನಿಂತುಬಿಟ್ಟಿತು. ಇಬ್ಬರೂ ಅದನ್ನು ದಡಕ್ಕೆ ತಳ್ಳಿ, ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಮೇಲಿನ ಕಾಲುಸಂಕದವರೆಗೆ ನಡೆದು ದಾಟುವಷ್ಟರಲ್ಲಿ ಬೆಳಗಿನ ಜಾವವಾಗಿತ್ತು. “ಆ ಮನೇಲಿ ಹಾಲು ಅಂತ ಇದ್ದದ್ದು ಅದೊಂದೇ ಹಸು. ಮೂರು ದಿನ ನಿಮ್ಮಪ್ಪ ಸರಿಯಾಗಿ ಊಟ ಮಾಡ್ಲಿಲ್ಲ” ಎಂದರು ಅಮ್ಮ. ನಾನು ಸಕಲೇಶಪುರದಲ್ಲಿ ಬಿದ್ದದ್ದನ್ನು ಇದೇ ಅಪ್ಪನಿಗೆ ಫೋನಿನಲ್ಲಿ ಬಣ್ಣಿಸಿ ಹೇಳಿದ್ದೆ.

1985ರ ಹೊತ್ತಿಗೆ ಜಪಾನ್ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು. ಹೀರೋ ಹೋಂಡಾ ಸಿಡಿ 100 ಪೆಟ್ರೋಲ್ ಮೂಸಿದರೆ ಸಾಕು ಓಡುತ್ತದೆ ಎನ್ನುವ ಹಾಗಿತ್ತು. ಯಮಹಾ ಆರ್‌ಎಕ್ಸ್ 100 ಕಾಲೇಜು ಹುಡುಗರನ್ನು ಸೆಳೆಯಿತು. ಯೆಜ್ಡಿಯಂಥ ಹಳೆಯ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿ ಉರಿಸಬೇಕು. ಉರಿಯದ ಒಂದಿಷ್ಟು ಪಾಲು ಹೊಗೆಯ ಜೊತೆಗೇ ಹೊರಹೋಗುತ್ತದೆ. 1991ರಲ್ಲಿ ಬಂದ ಹೊಗೆಯ ಮಿತಿಯ ನಿಯಮಗಳು 1996ರಲ್ಲಿ ಇನ್ನೂ ಬಿಗಿಯಾದವು. ಅದೇ ವರ್ಷ ಯಾದವಗಿರಿಯ ಕಾರ್ಖಾನೆಯ ಬಾಗಿಲು ಮುಚ್ಚಿತು. 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಕೆಲವು ವರ್ಷಗಳಲ್ಲಿ ನಮ್ಮ ಕಡೆಗೂ ಟಾರು ಬಂತು, ಹಳ್ಳಕ್ಕೆ ಸೇತುವೆಯೂ ಆಯಿತು. ಕೆಸರಿಗೆಂದೇ ಹೇಳಿ ಮಾಡಿಸಿದಂತಿದ್ದ ಬೈಕು ಮೊದಲು ಹೋಯಿತು, ಕೆಸರು ಆಮೇಲೆ ಹೋಯಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಹೊಸ ಬೈಕುಗಳ ಮೇಲೆ ಮರಳಿ ಬಂದಿವೆ. ಕೊಳ್ಳುವವರಲ್ಲಿ ಕೆಸರು ಹುಡುಕಿಕೊಂಡು ಹೋಗುವ ನನ್ನಂಥವರೂ ಇದ್ದಾರೆ.

ಮೊನ್ನೆ ಜನವರಿಯಲ್ಲಿ ಊರಿಗೆ ಹೋದಾಗ ಮೆಕ್ಯಾನಿಕ್ಕನ್ನು ಕರೆಸಿ ಬೈಕನ್ನು ಎಬ್ಬಿಸಿದೆ. ಹಿಂದೆ ಕೂರುತ್ತೀರಾ ಎಂದು ಅಪ್ಪನನ್ನು ಕೇಳಿದೆ. ಬೇಡವೆನ್ನುತ್ತಾರೆ ಅಂದುಕೊಂಡಿದ್ದೆ, ಪಂಚೆ ಎತ್ತಿ ಕಟ್ಟಿ ಕೂತೇಬಿಟ್ಟರು. ಹಳೆಯ ದಾರಿ ಈಗಲೂ ತೋಟದ ಬದಿಯಲ್ಲಿ ಗಾಡಿಜಾಡಿನಂತೆ ಉಳಿದಿದೆ. ಆ ಕಡೆಯಿಂದಲೇ ಹೋದೆವು. ಎಲ್ಲಿ ಎಡಕ್ಕೆ ಒತ್ತಬೇಕು, ಎಲ್ಲಿ ಬೇರು ಇದೆ ಎಂದು ಹಿಂದಿನಿಂದ ಹೆಗಲು ತಟ್ಟಿ ಹೇಳುತ್ತಿದ್ದರು. ಹೇಳಿದ ಕಡೆ ಬೇರು ಇರುತ್ತಿತ್ತು.

ಹಳ್ಳದ ಹತ್ತಿರ ಇಳಿದರು. ನೀರು ಹಿಮ್ಮಡಿ ಮುಳುಗುವಷ್ಟೂ ಇರಲಿಲ್ಲ. ಆ ದಡ ಈ ದಡ ನೋಡಿ, “ಇಷ್ಟೇ ಅಗಲ ಇದ್ದಿದ್ದಾ?” ಎಂದರು. ನಾನು ಏನೂ ಹೇಳಲಿಲ್ಲ. ಮೇಲೆ ಸೇತುವೆಯ ಮೇಲೆ ಹಾಲಿನ ಕ್ಯಾನುಗಳನ್ನು ತುಂಬಿಕೊಂಡ ಆಟೋ ಒಂದು ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅಪ್ಪ ನೋಡುತ್ತಿದ್ದರು.

ಬೈಕು ತಿರುಗಿಸಿ ಬಂದ ದಾರಿಗೇ ಮುಖ ಮಾಡಿದೆ. ಅಪ್ಪ ಹೆಗಲು ತಟ್ಟಿದರು.

“ಟಾರು ರಸ್ತೇಲೇ ಹೋಗೋ. ಸಂಜೆ ಆಯ್ತು, ನಿಮ್ಮಮ್ಮ ಕಾಯ್ತಿರ್ತಾಳೆ.”