ಕೋಟೆ ಹತ್ತಿದ ಮೇಲಿನ ಒಂದು ನಿಮಿಷ

ದಸರಾ ರಜೆಯಲ್ಲಿ ಅಪ್ಪನ ಜೊತೆ ಚಿತ್ರದುರ್ಗದ ಕೋಟೆ ಹತ್ತಿದೆ. ಏಕನಾಥೇಶ್ವರಿ ಗುಡಿಯ ಬಳಿ ಕೂತು ಎಷ್ಟು ಹೊತ್ತಾದರೂ ಅವರ ಎದೆಬಡಿತ ಇಳಿಯಲಿಲ್ಲ. ತಾತ ಹೊಸದುರ್ಗದ ಸಂತೆಗೆ ನಡೆದೇ ಹೋಗುತ್ತಿದ್ದರು. ಅಪ್ಪ ಹೊಳಲ್ಕೆರೆಯ ಅಡಿಕೆ ತೋಟಕ್ಕೂ ಬೈಕು ಹತ್ತುತ್ತಾರೆ. ‘ವಯಸ್ಸಾಯ್ತು ಬಿಡೋ’ ಎಂದರು.

ವಯಸ್ಸೊಂದೇ ಕಾರಣವೇ? ಸಕ್ಕರೆ, ರಕ್ತದೊತ್ತಡ, ಟ್ರೈಗ್ಲಿಸರೈಡ್ ಏರುವುದಕ್ಕೆ ಬೇರು ಒಂದೇ, ದೇಹ ಇನ್ಸುಲಿನ್ನಿಗೆ ಮಣಿಯದಿರುವುದು ಎಂದು 1988ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್ ವಾದಿಸಿದರು. ಅದೇ ಮುಂದೆ ಮೆಟಬಾಲಿಕ್ ಸಿಂಡ್ರೋಮ್ ಎನಿಸಿತು. ಸೋಜಿಗವೆಂದರೆ ರೀವನ್ನರ ಪಟ್ಟಿಯಲ್ಲಿ ಬೊಜ್ಜು ಇರಲಿಲ್ಲ! ಸೊಂಟಕ್ಕೆ ಟೇಪು ಸುತ್ತುವುದು ಆಮೇಲೆ ಬಂತು. 2005ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗೆರೆ ಎಳೆಯಿತು.

ಅಷ್ಟರಲ್ಲಿ, 1999ರಲ್ಲೇ, ಕ್ಲೀವ್‌ಲ್ಯಾಂಡಿನ ವೈದ್ಯರು ಟ್ರೆಡ್‌ಮಿಲ್ ಪರೀಕ್ಷೆಯ ನಂತರದ ನಿಮಿಷವನ್ನು ಗಮನಿಸಿದ್ದರು. ಆ ಒಂದು ನಿಮಿಷದಲ್ಲಿ ನಾಡಿ 12 ಬಡಿತಕ್ಕಿಂತ ಹೆಚ್ಚು ಇಳಿಯದವರಿಗೆ ಸಾವಿನ ಅಪಾಯ ಹೆಚ್ಚಿತ್ತು. ಹೃದಯವನ್ನು ತಣಿಸುವ ವೇಗಸ್ ನರ ಸೋತಿರುವುದರ ಸೂಚನೆ ಅದು. 2003ರಲ್ಲಿ ಇಟಲಿಯ ಯಾಕೊಬೆಲ್ಲಿಸ್, ಹೃದಯಕ್ಕೆ ಅಂಟಿದ ಕೊಬ್ಬನ್ನು ಎಕೋದಲ್ಲೇ ಅಳೆಯಬಹುದೆಂದು ತೋರಿಸಿದರು. ಮೆಟಬಾಲಿಕ್ ಸಿಂಡ್ರೋಮ್ ಇರುವವರಲ್ಲಿ ಈ ಕೊಬ್ಬು ದಪ್ಪವಾದಷ್ಟೂ ನಾಡಿ ನಿಧಾನವಾಗಿ ಇಳಿಯುತ್ತದೆ ಎಂದು ಮುಂದಿನ ಅಧ್ಯಯನಗಳು ಎರಡನ್ನೂ ಬೆಸೆದವು.

ಕೋಟೆಯ ಮೆಟ್ಟಿಲು ಟ್ರೆಡ್‌ಮಿಲ್ ಅಲ್ಲ, ಒಪ್ಪುತ್ತೇನೆ. ಮನೆಗೆ ಬಂದು ಟೇಪು ಹಿಡಿದೆ: 98. ಅಪ್ಪ ಈಗ ವಾರಕ್ಕೆ ಮೂರು ದಿನ ತೋಟಕ್ಕೆ ನಡೆಯುತ್ತಾರೆ. ಎಕೋ ಮಾತ್ರ ಇನ್ನೂ ಮಾಡಿಸಿಲ್ಲ.