ಬಾಯ್ಲರ್ ಬಿರುಕಿನಿಂದ ಬಸಿರಿನವರೆಗೆ

ಬಸುರಿಯ ಹೊಟ್ಟೆಯೊಳಗೆ ಮಗು ಸರಿಯಾಗಿ ಬೆಳೀತಿದೆಯಾ ಅಂತ ತಿಳಿಯೋಕೆ ಡಾಕ್ಟರುಗಳ ಹತ್ರ ಬಹಳ ಕಾಲ ಇದ್ದಿದ್ದು ಮುಖ್ಯವಾಗಿ ಕೈ ಮತ್ತು ಅಳತೆ ಟೇಪು. ಒಳಗೇ ಸೊರಗಿದ ಕೂಸು ಎಷ್ಟೋ ಸಲ ಹುಟ್ಟಿದ ಮೇಲೇ ಗೊತ್ತಾಗ್ತಿತ್ತು, ಕೆಲವೊಮ್ಮೆ ಸತ್ತು ಹುಟ್ಟಿದ ಮೇಲೆ.

1955ರಲ್ಲಿ ಗ್ಲಾಸ್ಗೋದ ಹೆರಿಗೆ ಡಾಕ್ಟರು ಇಯಾನ್ ಡೊನಾಲ್ಡ್, ಆಪರೇಷನ್ ಮಾಡಿ ತೆಗೆದ ಗಡ್ಡೆಗಳನ್ನು ಕಾರಿಗೆ ಹಾಕ್ಕೊಂಡು ಬಾಯ್ಲರ್ ಕಾರ್ಖಾನೆಗೆ ಹೋದರು! ಲೋಹದೊಳಗಿನ ಬಿರುಕು ಹುಡುಕೋ ಅಲ್ಟ್ರಾಸೌಂಡ್ ಯಂತ್ರ ಅಲ್ಲಿತ್ತು. ಆಮೇಲೆ ಟಾಮ್ ಬ್ರೌನ್ ಅನ್ನೋ ಹುಡುಗ ಇಂಜಿನಿಯರ್ (ನಮ್ಮ ಜಾತಿಯವನೇ ಬಿಡಿ) ಜೊತೆಯಾದ. 1958ರಲ್ಲಿ 'ಲ್ಯಾನ್ಸೆಟ್'ನಲ್ಲಿ ಅವರ ಲೇಖನ ಬಂತು.

ಮಗುವಿನಲ್ಲಿ ಮೊದಮೊದಲು ಅಳೆದದ್ದು ತಲೆಯನ್ನ. ಪೇಚು ಇದ್ದಿದ್ದೇ ಅಲ್ಲಿ. ಮಾಸಿನಿಂದ ಬರೋ ಆಹಾರ ಸಾಲದಾದಾಗ ಮಗುವಿನ ದೇಹ ಮೊದಲು ಮಿದುಳನ್ನು ಕಾಪಾಡುತ್ತೆ. ತಲೆ ಬೆಳೀತಾನೇ ಇರುತ್ತೆ, ಸಕ್ಕರೆ ಕೂಡಿಡೋ ಲಿವರ್ ಬಡವಾಗುತ್ತೆ. 1975ರಲ್ಲಿ ಸ್ಟುವರ್ಟ್ ಕ್ಯಾಂಬೆಲ್ ಮತ್ತು ವಿಲ್ಕಿನ್, ಮಗುವಿನ ಹೊಟ್ಟೆಯ ಸುತ್ತಳತೆಯಿಂದ ತೂಕ ಅಂದಾಜಿಸಬಹುದು ಅಂತ ತೋರಿಸಿದರು. ನನಗೆ ಕೇಳಿದ್ರೆ ಯಂತ್ರಕ್ಕಿಂತ ಇದೇ ದೊಡ್ಡ ಹೆಜ್ಜೆ. 1977ರಲ್ಲಿ ಡಬ್ಲಿನ್ನಿನವರು ಡಾಪ್ಲರ್ ಬಳಸಿ ಹೊಕ್ಕುಳಬಳ್ಳಿಯ ರಕ್ತದ ಹರಿವನ್ನೂ ಹಿಡಿದರು.

ಇಷ್ಟಾಗಿಯೂ, ಸೊರಗಿದ ಮಾಸನ್ನು ಸರಿಮಾಡೋ ಮದ್ದು ಇವತ್ತಿಗೂ ಇಲ್ಲ. ಮತ್ತೆ ಮತ್ತೆ ಅಳೀತಾ, ಹರಿವು ನೋಡ್ತಾ, ಇನ್ನೂ ಎಷ್ಟು ದಿನ ಒಳಗಿರಲಿ, ಯಾವತ್ತು ಹೊರಗೆ ತೆಗೀಬೇಕು ಅಂತ ಡಾಕ್ಟರು ಲೆಕ್ಕ ಹಾಕ್ತಾರೆ.