ಚಿಕ್ಕ ಸ್ಮೃತಿ, ದೊಡ್ಡ ಕೆಲಸ

ನೀವು ಬಸವಕಲ್ಯಾಣದ ಬಳಿಯ ನಾರಾಯಣಪುರದಲ್ಲಿರಲಿ, ಬೆಂಗಳೂರಿನಲ್ಲಿರಲಿ, ಕಂಪ್ಯೂಟರಿನಲ್ಲಿ ಒಟ್ಟಿಗೇ ಹಲವು ಪ್ರೋಗ್ರಾಂಗಳನ್ನು ತೆರೆಯುತ್ತೀರಿ. ಅವಕ್ಕೆಲ್ಲ ಸ್ಮೃತಿ, ಅಂದರೆ ಮೆಮೊರಿ, ಸಾಲುವುದು ಹೇಗೆ?

1950ರ ದಶಕದಲ್ಲಿ ಮುಖ್ಯ ಸ್ಮೃತಿ ಬಲು ಚಿಕ್ಕದು, ಬಲು ದುಬಾರಿ. ದೊಡ್ಡ ಪ್ರೋಗ್ರಾಂ ಬರೆಯುವವರು ಅದನ್ನು ತಾವೇ ತುಂಡುಮಾಡಿ, ಯಾವ ತುಂಡು ಯಾವಾಗ ಒಳಗೆ ಬರಬೇಕೆಂದು ಲೆಕ್ಕ ಹಾಕಬೇಕಿತ್ತು.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು ಈ ಹೊರೆಯನ್ನು ಯಂತ್ರಕ್ಕೇ ಒಪ್ಪಿಸಿದರು. 1962ರಲ್ಲಿ ಉದ್ಘಾಟನೆಯಾದ ಅವರ ‘ಅಟ್ಲಾಸ್’ ಗಣಕದಲ್ಲಿ ಸ್ಮೃತಿಯನ್ನು ಸಮನಾದ ‘ಪುಟ’ಗಳಾಗಿ ವಿಂಗಡಿಸಲಾಗಿತ್ತು. ಮುಖ್ಯ ಸ್ಮೃತಿಯಲ್ಲಿ ಹಿಡಿಸುತ್ತಿದ್ದುದು 32 ಪುಟ, ನಿಧಾನವಾದ ಕಾಂತೀಯ ಡ್ರಮ್ಮಿನಲ್ಲಿ 192. ಕೇಳಿದ ಪುಟ ಮುಖ್ಯ ಸ್ಮೃತಿಯಲ್ಲಿ ಇಲ್ಲದಿದ್ದರೆ, ‘ಸೂಪರ್‌ವೈಸರ್’ ಎಂಬ ಮೇಲ್ವಿಚಾರಕ ಪ್ರೋಗ್ರಾಂ ಅದನ್ನು ಡ್ರಮ್ಮಿನಿಂದ ತರಿಸಿ, ಸದ್ಯಕ್ಕೆ ಬೇಡವೆನಿಸಿದ ಪುಟವನ್ನು ಅಲ್ಲಿಗೆ ಕಳಿಸುತ್ತಿತ್ತು. ಪ್ರೋಗ್ರಾಂ ಬರೆದವರಿಗೆ ಎರಡೂ ಸೇರಿ ಒಂದೇ ದೊಡ್ಡ ಸ್ಮೃತಿಯಾಗಿ ಕಾಣುತ್ತಿತ್ತು. ಇದೇ ‘ವರ್ಚುಯಲ್ ಮೆಮೊರಿ’.

ಇದಕ್ಕೂ ಮಿತಿಯುಂಟು. ಪುಟಗಳನ್ನು ಸಾಗಿಸುವುದರಲ್ಲೇ ಹೊತ್ತು ಹೋದರೆ ಕೆಲಸ ಸಾಗದು. ಪ್ರತಿ ಪ್ರೋಗ್ರಾಂ ಇತ್ತೀಚೆಗೆ ಬಳಸಿದ ಪುಟಗಳಿಗಾದರೂ ಮುಖ್ಯ ಸ್ಮೃತಿಯಲ್ಲಿ ಜಾಗವಿರಬೇಕೆಂದು 1968ರಲ್ಲಿ ಪೀಟರ್ ಡೆನ್ನಿಂಗ್ ತೋರಿಸಿಕೊಟ್ಟರು.

ಇಂದಿನ ಆಪರೇಟಿಂಗ್ ಸಿಸ್ಟಂಗಳು ನಡೆದಿರುವುದೂ ಈ ಹಾದಿಯಲ್ಲೇ. ನಿಮ್ಮ ಕಂಪ್ಯೂಟರ್ ತೆವಳತೊಡಗಿದರೆ ಬೇಡದ ಪ್ರೋಗ್ರಾಂಗಳನ್ನು ಮುಚ್ಚಿ ನೋಡಿ. ಉಳಿದವುಗಳ ಪುಟಗಳಿಗೆ ಜಾಗ ಸಿಕ್ಕೀತು.